ಒಂದೇ ಹೆಸರಿನ ಎರಡು ಫೈಲು

ರಕ್ತಪರೀಕ್ಷೆಯ ರಿಪೋರ್ಟುಗಳು ಮೂರು ದಿನದಿಂದ ಖಾಲಿ ಬರುತ್ತಿದ್ದವು. ಎಲ್ಲವೂ ಅಲ್ಲ, ದಿನಕ್ಕೆ ಐದೋ ಆರೋ. ಮೇಲೆ ರೋಗಿಯ ನಂಬರು, ಕೆಳಗೆ ಅಂಕಿ ಇರಬೇಕಾದ ಕಡೆ ಬರೀ ಬಿಳಿ ಕಾಗದ.

“ಸಂಜೆಯೊಳಗೆ ಸರಿಹೋಗದಿದ್ರೆ ನಾಳೆಯಿಂದ ಬರೋದೇ ಬೇಡ,” ಎಂದು ಲ್ಯಾಬಿನ ಒಡತಿ ಡಾಕ್ಟರಮ್ಮ ಮುಖಕ್ಕೆ ಹೊಡೆದಂತೆ ಹೇಳಿ ಹೋದರು.

ಕಂಪ್ಯೂಟರಿನವನಿಗೆ ಮೈಯೆಲ್ಲ ಉರಿಯಿತು. ಒಳಕೋಣೆಯ ಯಂತ್ರ ಉಗುಳುವ ಫೈಲನ್ನು ಓದಿ, ಅಂಕಿಗಳನ್ನು ಕಾಗದದ ಮೇಲೆ ಸಾಲಾಗಿ ಕೂರಿಸುವ ಸ್ಟೈಲ್‌ಶೀಟು ಅವನೇ ಬರೆದದ್ದು. ಯಾರೂ ಹೇಳಿಕೊಡದೆ, ಒಬ್ಬನೇ ತಿಣುಕಾಡಿ ಬರೆದದ್ದು. ಎರಡು ವರ್ಷದಲ್ಲಿ ಒಂದು ಅಂಕಿ ಅತ್ತಿತ್ತ ಆಗಿರಲಿಲ್ಲ.

ಖಾಲಿ ಬಂದ ನಂಬರುಗಳನ್ನು ಹಿಡಿದು ಯಂತ್ರದ ದಾಖಲೆ ನೋಡಿದ. ಸಕ್ಕರೆ ಮುನ್ನೂರ ಹತ್ತು. ಇನ್ನೂರ ತೊಂಬತ್ತು. ನಾನೂರು. ಎಲ್ಲ ಕಾಯಿಲೆ ಏರಿದವರೇ! ಗುಂಡುಕಲ್ಲಿನಂತಿದ್ದ ಒಬ್ಬನದೂ ಖಾಲಿಯಾಗಿಲ್ಲ. ಯಂತ್ರ ಹೀಗೆ ಆರಿಸಿ ಆರಿಸಿ ಕೆಡಿಸುತ್ತದೆಯೇ? ಇದು ಯಾರದೋ ಕೈವಾಡ. ಯಾರದೋ ಏನು, ಎಲ್ಲರೂ ‘ಕನ್ನಡಕ’ ಅನ್ನುವ ಒಳಕೋಣೆಯವನದ್ದೇ. ಯಂತ್ರ ನಡೆಸುವ ಆ ಹಿರಿಯ ತನ್ನ ಭಾಮೈದನನ್ನು ಈ ಕುರ್ಚಿಯಲ್ಲಿ ಕೂರಿಸಲು ಒದ್ದಾಡಿದ್ದು ಲ್ಯಾಬಿಗೆಲ್ಲ ಗೊತ್ತು.

ಒಂದು ಸರಿಯಾದ ಫೈಲು, ಒಂದು ಕೆಟ್ಟ ಫೈಲು ತೆಗೆದ. ಹೆಸರು ಒಂದೇ ಥರ, ಹೆಸರಿನ ಬಾಲವೂ ಒಂದೇ. ಬಿಚ್ಚಿ ನೋಡಿದರೆ ಸರಿಯಾದದ್ದು ‘ರಿಸಲ್ಟ್’ ಎಂಬ ಟ್ಯಾಗಿನಿಂದ, ಅಂದರೆ ಒಳಗೇನಿದೆ ಎಂದು ಹೇಳುವ ಗುರುತುಪಟ್ಟಿಯಿಂದ ಶುರು, ಕೆಟ್ಟದ್ದು ‘ವರ್ಕ್‌ಬುಕ್’ನಿಂದ. ಅಂಗಿ ಅದೇ, ಒಳಗಿನ ಆಸಾಮಿ ಬೇರೆ. ಅಂಕಿಗಳೇನೋ ಇದ್ದವು, ಸ್ಪ್ರೆಡ್‌ಶೀಟಿನ ಚೌಕಗಳೊಳಗೆ. ಸ್ಟೈಲ್‌ಶೀಟು ‘ರಿಸಲ್ಟ್’ ಹುಡುಕಿ, ಸಿಗದೆ, ತುಟಿಪಿಟಕ್ ಅನ್ನದೆ ಖಾಲಿ ಹಾಳೆ ಕೊಟ್ಟಿತ್ತು.

ಒಳಕೋಣೆಗೆ ನುಗ್ಗಿದ. “ನನ್ನ ಫೈಲಿಗೆ ಯಾಕ್ರೀ ಕೈ ಹಾಕ್ತೀರಾ?”

“ನಿನ್ನ ಫೈಲಾ? ಮನೆಯಿಂದ ತಂದಿದ್ಯಾ?” ಕನ್ನಡಕ ತಲೆಯೆತ್ತಲಿಲ್ಲ. “ಅಂಕಿ ಜಾಸ್ತಿ ಇರೋದನ್ನ ತೆಗೆದು ನೋಡ್ತೀನಪ್ಪ. ಕೆಳಗೆ ಸಹಿ ಹಾಕೋನು ನಾನು. ನೀನೊಂದು ಸೊನ್ನೆ ನುಂಗಿದ್ರೆ ನನ್ನ ಕುತ್ತಿಗೆಗೆ ಬರುತ್ತೆ.”

“ನೋಡಬೇಡಿ ಅಂದೋರು ಯಾರು? ಮುಚ್ಚುವಾಗ ಏನು ಒತ್ತಿದ್ರಿ?”

“ಉಳಿಸಬೇಕಾ ಅಂತ ಕೇಳುತ್ತೆ. ಹೂಂ ಅಂತೀನಿ. ಬೇಡ ಅಂದು ಅಳಿಸಿಹೋದ್ರೆ?”

“ಮೂರು ದಿನದಿಂದ ಮಾತ್ರ ಯಾಕೆ ಈ ಅನುಮಾನ?”

“ಅನುಮಾನ ಮೊದಲಿಂದಲೂ ಇತ್ತು. ನನ್ನ ಕಂಪ್ಯೂಟರಿಗೆ ಸ್ಪ್ರೆಡ್‌ಶೀಟು ಹಾಕಿಕೊಟ್ಟಿದ್ದು ಈ ಸೋಮವಾರ. ನೀನೇ!”

ಕಂಪ್ಯೂಟರಿನವನು ಕುರ್ಚಿಗೆ ಮರಳಿದ. ಕನ್ನಡಕ ಹೂಂ ಅಂದಾಗಲೆಲ್ಲ ಸ್ಪ್ರೆಡ್‌ಶೀಟು ಫೈಲನ್ನು ತನ್ನ ರೂಪಕ್ಕೆ ತಿರುಗಿಸಿ ಹಳೆಯ ಹೆಸರಲ್ಲೇ ಉಳಿಸಿತ್ತು. ಹೆಸರು ನೋಡಿ ನಂಬಿದ್ದೇ ತಪ್ಪು. ಸ್ಟೈಲ್‌ಶೀಟಿನ ಬಾಗಿಲಲ್ಲೇ ಕಾವಲು ಹಾಕಿದ: ಮೊದಲ ಟ್ಯಾಗು ‘ರಿಸಲ್ಟ್’ ಆದರೆ ಹಳೆಯ ದಾರಿ, ‘ವರ್ಕ್‌ಬುಕ್’ ಆದರೆ ಚೌಕಗಳಿಂದ ಅಂಕಿ ಎತ್ತು, ಎರಡೂ ಅಲ್ಲದಿದ್ದರೆ ಹಾಳೆ ಕೊಡಬೇಡ, ನಿಂತು ಕಿರುಚು.

ಸಂಜೆಗೆ ರಿಪೋರ್ಟುಗಳು ತುಂಬಿ ಬಂದವು. ಕನ್ನಡಕ ಬೆರಳಿಟ್ಟು ಒಂದೊಂದೇ ಅಂಕಿ ತಾಳೆ ನೋಡಿ ಸಹಿ ಹಾಕಿದ. ಡಾಕ್ಟರಮ್ಮ ಕಟ್ಟು ತಿರುವಿ, “ನಾಳೆ ಲೇಟ್ ಮಾಡಬೇಡ,” ಎಂದಷ್ಟೇ ಹೇಳಿ ಹೋದರು.

“ನಾಳೇನೂ ತೆಗೆದು ನೋಡ್ತೀನಿ,” ಅಂದ ಕನ್ನಡಕ.

“ನೋಡಿ. ನೀವು ಯಾವ್ಯಾವುದು ತೆಗೆದ್ರಿ ಅಂತ ಇನ್ಮೇಲೆ ಮೊದಲ ಟ್ಯಾಗು ನೋಡಿದ್ರೆ ನಂಗೂ ಗೊತ್ತಾಗುತ್ತೆ.”