ಕೇಳದೆ ಮುಟ್ಟದ ಕೈ

ನಿರ್ದೇಶಕನ ಅಂಗೈ ಬೆನ್ನ ಮೇಲೆ ಬಿದ್ದದ್ದೇ ತಡ, ಮಗಳಿಗೆ ಮೈಯೆಲ್ಲ ಹೇಸಿಗೆ ಎನಿಸಿತು. ಬೆವರು, ಸೆಂಟು ಎರಡೂ ಬೆರೆತ ಹಸಿಹಸಿ ಕೈ. ಅಮ್ಮ ಮೂವತ್ತು ವರ್ಷ ಮೈ ಮುರಿದು ದುಡಿದ ಚಿಕಿತ್ಸಾ ಕೇಂದ್ರದ ಯಜಮಾನ ಇವನು. ಹಾಲ್ ನಡುವೆ ಅಮ್ಮನ ಹೆಣ ಇರುವಾಗಲೇ ಪಾಠ ಶುರು ಮಾಡಿದ್ದ.

"ದುಃಖ ಮೈಯೊಳಗೇ ಗಂಟು ಕಟ್ಕೊಂಡಿರುತ್ತಮ್ಮಾ. ಉಸಿರು ಬಿಡು, ಭುಜ ಅಲ್ಲಾಡ್ಸು. ಎಲ್ಲಾ ಹೊರಗೆ ಬರ್ಲಿ," ಎಂದು ಬೆನ್ನು ತಿಕ್ಕಿದ.

"ಕೈ ತೆಗೀರಿ ಸಾರ್."

"ನೋಡಿದ್ರಾ? ಮೈ ಹೆಂಗೆ ಸೆಟೆದುಕೊಳ್ತು!" ಎಂದು ಬಂದವರ ಕಡೆ ತಿರುಗಿ ನಕ್ಕ.

ಚಿಕ್ಕಮ್ಮ ಹಲ್ಲು ಕಡಿಯುತ್ತ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. "ಥೂ, ಇವನ ಮೋರೆಗಿಷ್ಟು ಬೆಂಕಿ ಹಾಕ! ಹೆಣದ ಮುಂದೆಯೂ ಬಿಡಲ್ವಲ್ಲ ಇವನ ಡೌಲು. ಅಕ್ಕ ಯಾವತ್ತಾದ್ರೂ ಕೇಳ್ದೆ ಯಾರನ್ನಾದ್ರೂ ಮುಟ್ಟಿದ್ಳಾ?"

*

ತಮಗೆ ತಾವೇ ಹೊಡೆದುಕೊಳ್ಳುವ, ಕಚ್ಚುವ, ಬಾಯಿಬಿಡದ ಮಕ್ಕಳ ಪಾದ ಒತ್ತಿ ಸಮಾಧಾನಕ್ಕೆ ತರುವುದು ಕೇಂದ್ರದಲ್ಲಿ ಅಮ್ಮನ ಕೆಲಸ. ಪ್ರತಿ ಸಲವೂ ಎರಡು ಕೈ ಚಾಚಿ "ಮುಟ್ಟಲಾ?" ಎನ್ನುವಳು. ಮಗು ಒಪ್ಪುವ ತನಕ ಕೈ ಗಾಳಿಯಲ್ಲೇ. ಕೆಲವರು ತಲೆಯಾಡಿಸಲು ತಿಂಗಳುಗಟ್ಟಲೆ ಹಿಡಿದದ್ದುಂಟು.

ಮನೆಗೆ ಬಂದು ಮಗಳ ತಲೆ ಸವರುವುದಕ್ಕೂ ಅದೇ ಪ್ರಶ್ನೆ. ಅಂಗೈಯಲ್ಲಿ ಎಣ್ಣೆಯ ಜಿಡ್ಡು, ಯಾರದೋ ಜೊಲ್ಲಿನ ವಾಸನೆ.

"ಛೀ, ಬೇಡಮ್ಮಾ! ಕಂಡೋರ ಕಾಲು ಹಿಡಿದ ಕೈ."

"ಸೋಪ್ ಹಾಕಿ ತೊಳ್ದಿದ್ದೀನಲ್ಲೇ."

"ಆದ್ರೂ ಬೇಡ."

ಅಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳುವಳು. ಮಗಳ ಹದಿನಾಲ್ಕನೇ ವಯಸ್ಸಿನಲ್ಲಿ ಶುರುವಾದ ಆ 'ಬೇಡ' ಎಂಬುದು ಮೊನ್ನೆ ಆಸ್ಪತ್ರೆಯವರೆಗೂ ನಡೆಯಿತು. ಅಲ್ಲೂ ಅಮ್ಮ ಕೇಳಿದ್ದಳು. "ಸುಮ್ನೆ ಮಲ್ಕೋಮ್ಮಾ, ನಾಳೆ ನೋಡೋಣ," ಎಂದಿದ್ದಳು ಮಗಳು.

*

ಹೆಣ ಒಯ್ಯುವ ಗಾಡಿ ಬಂತು. ಬಾಗಿಲಲ್ಲಿ ಮುದುಡಿ ನಿಂತಿದ್ದ ಬಡಗಿಯೊಬ್ಬ ಆಗ ಒಳಗೆ ಬಂದ. ಒಂದು ಕಾಲಕ್ಕೆ ಕೇಂದ್ರದಲ್ಲಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ ಮಗು ಇವನು. ಗಾಯದ ಗುರುತು ಇನ್ನೂ ಇದೆ. ಅಮ್ಮನ ಪಾದದ ಬಳಿ ಕೂತು ಎರಡು ಕೈ ಚಾಚಿದ.

"ಮುಟ್ಟಲಾ ಅಮ್ಮಾ?"

ಕೈಗಳು ಅಲ್ಲೇ ನಿಂತವು.

"ಮುಟ್ಟಪ್ಪಾ, ಅದಕ್ಕೇನು! ಫೋಟೊ ತೆಗೀತಾರೆ," ಎಂದ ನಿರ್ದೇಶಕ.

ಬಡಗಿ ಕದಲಲಿಲ್ಲ. ಮಗಳ ಮುಖ ನೋಡಿದ.

"ಮುಟ್ಟಣ್ಣಾ," ಎಂದಳು ಅವಳು.

ಅವನು ಹೆಬ್ಬೆರಳಿನಿಂದ ಅಂಗಾಲು ಒತ್ತತೊಡಗಿದ, ಥೇಟ್ ಅಮ್ಮನ ಹಾಗೆಯೇ. ಮಗಳಿಗೆ ನಿರ್ದೇಶಕನ ಮೇಲಿದ್ದ ಅಸಹ್ಯವೆಲ್ಲ ತನ್ನ ಮೇಲೇ ತಿರುಗಿತು. ಅಮ್ಮನ ಪಕ್ಕ ಕುಸಿದು ಕೂತಳು. ಅಮ್ಮನ ಅಂಗೈಯಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ. ಅವಳೂ ಕೈ ಚಾಚಿದಳು.

"ಮುಟ್ಟಲಾ ಅಮ್ಮಾ?"

"ಎತ್ತೋಣ್ವಾ?" ಎಂದರು ಗಾಡಿಯವರು.

"ಸ್ವಲ್ಪ ತಡೀರಿ," ಎಂದಳು. ಅವಳ ಕೈ ಗಾಳಿಯಲ್ಲೇ ಇತ್ತು.