ಜಿಗಿತದ ಕೋಲಿನ ಹಗೆ

ನಾನು ಒಂದು ಕೋಲು. ಎತ್ತರ ಜಿಗಿಯುವವರು ಓಡಿಬಂದು ಊರಿ ಹಾರುತ್ತಾರಲ್ಲ, ಆ ಕೋಲು. ನನ್ನನ್ನು ಬೊಂಬು ಎಂದು ಕರೆದವರ ನಾಲಿಗೆ ಸೇದಿಹೋಗಲಿ. ಬೊಂಬು ಮೆಳೆಯಲ್ಲಿ ತಾನಾಗಿ ಬೆಳೆಯುತ್ತದೆ. ನನ್ನನ್ನು ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಮಾಡಿದರು. ಗಾಜಿನ ಎಳೆಯ ಬಟ್ಟೆಯನ್ನು ಉಕ್ಕಿನ ಸರಳಿಗೆ ಬಿಗಿಯಾಗಿ ಸುತ್ತಿ, ಅಂಟು ಕುಡಿಸಿ, ಒಲೆಯಲ್ಲಿ ಬೇಯಿಸಿ, ಆಮೇಲೆ ಸರಳನ್ನು ಎಳೆದು ತೆಗೆದರು. ಒಬ್ಬ ಮನುಷ್ಯ ನನ್ನ ನಡುವಿಗೆ ಭಾರ ತೂಗುಬಿಟ್ಟು ಎಷ್ಟು ಬಾಗುತ್ತೇನೆಂದು ನೋಡಿದ. ಎಷ್ಟು ಮೈತೂಕದವರನ್ನು ಹೊರಬಲ್ಲೆನೆಂದು ನನ್ನ ಮೈಮೇಲೆಯೇ ಬರೆದ. ಜೊತೆಗೆ ಒಂದು ಎಚ್ಚರಿಕೆಯನ್ನೂ ಬರೆದ: ಗೀರು ಬಿದ್ದ ಕೋಲನ್ನು ಬಳಸಬಾರದು. ನಮ್ಮ ಜಾತಿಯೇ ಹಾಗೆ. ಮೈಮೇಲೆ ಗೀರು ಬಿದ್ದರೆ, ಬಾಗುವಾಗ ಅಲ್ಲಿಯೇ ಮುರಿಯುತ್ತೇವೆ.

ಆ ಎಚ್ಚರಿಕೆಯನ್ನು ಓದುವವರು ನಾನು ಬಂದು ಬಿದ್ದ ಕಡೆ ಯಾರೂ ಇರಲಿಲ್ಲ. ಗದಗದ ಆಚೆಗಿನ ಒಂದು ಊರಿನ ಕ್ರೀಡಾಂಗಣ ಅದು. ಸುಣ್ಣದ ಚೀಲ, ಕಾಲು ಮುರಿದ ಹರ್ಡಲ್ಸು, ಗಾಳಿ ಹೋದ ಚೆಂಡುಗಳ ನಡುವೆ ನನ್ನನ್ನು ಎಸೆದರು. ಒಂದು ವರ್ಷ ಹುಣಸೆಕಾಯಿ ಬಡಿದೆ. ಒಂದು ಗಣರಾಜ್ಯ ದಿನಕ್ಕೆ ಶಾಮಿಯಾನದ ಮೂಲೆ ಹೊತ್ತು ನಿಂತೆ. ಗೀರು ಬೀಳದೆ ಉಳಿದದ್ದು ನನ್ನ ಪುಣ್ಯ. ಮನುಷ್ಯಜಾತಿಯ ಮೇಲಿನ ನನ್ನ ಅಭಿಪ್ರಾಯ ಆಗಲೇ ಗಟ್ಟಿಯಾಯಿತು, ಇವತ್ತಿಗೂ ಬದಲಾಗಿಲ್ಲ.

ಆಮೇಲೆ ತರಬೇತುದಾರರಾಗಿ ಅಂಗಡಿ ಸರ್ ಬಂದರು. ಸಿಟ್ಟು ಯಾವಾಗಲೂ ಅವರ ಮೂಗಿನ ತುದಿಯಲ್ಲಿ. ನನ್ನನ್ನು ಸುಣ್ಣದ ರಾಶಿಯಿಂದ ಎಳೆದು, ಧೂಳು ಒರೆಸಿ, ಒಂದು ಹುಡುಗಿಯ ಕೈಗೆ ಕೊಟ್ಟರು. ಅವಳೇ ದಾನೇಶ್ವರಿ.

ದಾನೇಶ್ವರಿ ಬಂದದ್ದು ಹುಚ್ಚೀರಪ್ಪ ವಸ್ತಾದರ ಗರಡಿಯಿಂದ. ಅಲ್ಲಿ ಮಲ್ಲಗಂಬ ಆಡುತ್ತಿದ್ದಳು. ನೆಲದಲ್ಲಿ ಹುಗಿದ ಮರದ ಕಂಬವನ್ನು ಕೈಕಾಲಲ್ಲಿ ಸುತ್ತಿಕೊಂಡು ಹತ್ತಿ ಇಳಿಯುವ ಆಟ ಅದು. ತೊಡೆಯ ಚರ್ಮ ಕಿತ್ತುಬರಬಾರದೆಂದು ಆ ಕಂಬಕ್ಕೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಿಕ್ಕುತ್ತಾರೆ, ಮುಟ್ಟಿ ನಮಸ್ಕರಿಸಿ ಹತ್ತುತ್ತಾರೆ. ನಿಂತಲ್ಲೇ ನಿಲ್ಲುವ ಆ ಮರದ ತುಂಡಿಗೆ ಅಷ್ಟೆಲ್ಲ ಉಪಚಾರ ಮಾಡಿ ಬೆಳೆದವಳು ನನಗೆ ಮಾತ್ರ ಮೊದಲ ದಿನವೇ ಬೈದಳು.

"ಏನ್ ಕೋಲರೀ ಇದು, ಕೈಯಾಗ ನಿಲ್ಲವಲ್ದು! ಹಾವಿನಂಗ ಒದ್ದಾಡತೈತಿ."

ತಪ್ಪು ಅವಳದು. ಓಟದ ಕೊನೆಯಲ್ಲಿ ಅನುಮಾನಪಟ್ಟು ಹೆಜ್ಜೆ ಕುಗ್ಗಿಸುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವಳು ಕೋಲು ಡೊಂಕು ಎಂದಳು. ಬಿದ್ದಾಗಲೆಲ್ಲ ಎದ್ದುಬಂದು ನನ್ನನ್ನು ಒದೆಯುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ. ಊರುವುದು ತಪ್ಪಿದರೆ ಭುಜ ಕಳಚುವಂತೆ ಝಾಡಿಸಿದೆ. ಅಂಗೈ ಬೊಬ್ಬೆ ಎಬ್ಬಿಸಿದೆ. ಒಮ್ಮೆ ಗದ್ದಕ್ಕೇ ಬಡಿದೆ. ಎರಡು ವರ್ಷ ಹೀಗೆ ಕಳೆದರೂ ನಮ್ಮಿಬ್ಬರ ನಡುವೆ ಒಂದು ಒಳ್ಳೆಯ ಮಾತು ಬರಲಿಲ್ಲ.

ಆದರೂ ಅವಳು ಬಿಡಲಿಲ್ಲ, ಅದೇ ನನಗೆ ಹೆಚ್ಚು ಉರಿ. ಹಾರಿ ಬೀಳಲು ಹಾಕಿದ, ಮಳೆಗೆ ಕೊಳೆತ ಹಾಸಿಗೆಯ ಮೇಲೆ ಬಿದ್ದು ಬೆನ್ನು ಕೆತ್ತಿಸಿಕೊಂಡಳು. ಜ್ವರ ಬಂದ ದಿನವೂ ಓಡಿದಳು. ಅನುಮಾನದ ಹೆಜ್ಜೆ ಹೋಯಿತು. ತೋಳು ದಪ್ಪವಾಯಿತು, ಓಟ ಬಿರುಸಾಯಿತು. ನನ್ನ ಮೈಮೇಲೆ ಬರೆದ ತೂಕವನ್ನು ಅವಳು ಮುಟ್ಟಿಯಾಗಿತ್ತು. ಇನ್ನೂ ಎತ್ತರ ಹಾರಬೇಕಾದರೆ ಇವಳಿಗೆ ಇನ್ನೂ ಬಿರುಸಾದ ಕೋಲು ಬೇಕು ಎಂಬುದು ನನಗೆ ಅವಳಿಗಿಂತ ಮೊದಲೇ ತಿಳಿಯಿತು. ಕೆಲಸ ತೀರಿದ ಮೇಲೆ ನನ್ನನ್ನು ಎಸೆದು ಹೋಗುವವಳು ಎಂದು ಹಲ್ಲಿದ್ದಿದ್ದರೆ ಹಲ್ಲು ಕಡಿಯುತ್ತಿದ್ದೆ.

ರಾಜ್ಯ ಕೂಟದ ಹೊತ್ತಿಗೆ ವಿಷಯ ಹೀಗಿತ್ತು. ಮೂರೂವರೆ ಮೀಟರ್ ದಾಟಿದರೆ ರಾಷ್ಟ್ರೀಯ ಶಿಬಿರ. ದಾಟದಿದ್ದರೆ ವಯಸ್ಸು ಮೀರಿತೆಂದು ಕ್ರೀಡಾಂಗಣದ ಹಾಸ್ಟೆಲ್ ಬಿಡಬೇಕು. ಜಿಗಿತದ ಹಾಸಿಗೆ ಇರುವ ಜಾಗ ಸುತ್ತಮುತ್ತ ಬೇರೊಂದಿಲ್ಲ. ಅಂದರೆ ಅವಳ ಆಟ ಅಲ್ಲಿಗೆ ಮುಗಿದಂತೆ.

ನನ್ನನ್ನು ಬಸ್ಸಿನ ತಲೆಯ ಮೇಲೆ ಹಳೇ ಸೀರೆಯಲ್ಲಿ ಕಟ್ಟಿ ಒಯ್ದರು. ಶಿಷ್ಯೆಯ ಆಟ ನೋಡಲು ಹುಚ್ಚೀರಪ್ಪ ವಸ್ತಾದರೂ ತಲೆಗೆ ಪಟಗ ಸುತ್ತಿಕೊಂಡು ಬಂದಿದ್ದರು. ಅಲ್ಲಿ ಉಳಿದ ಹುಡುಗಿಯರು ಒಬ್ಬೊಬ್ಬರೂ ಚೀಲ ತುಂಬ ಕೋಲು ತಂದಿದ್ದರು. ಇವಳಿಗೆ ನಾನೊಬ್ಬನೇ. ಒಬ್ಬಳು ನನ್ನನ್ನು ನೋಡಿ, "ಇದು ಟೆಂಟ್‌ದಾ?" ಎಂದು ನಕ್ಕಳು. ಅವಳ ಹೆಸರು ತಿಳಿದುಕೊಳ್ಳುವ ಗೊಡವೆಗೆ ನಾನು ಹೋಗಲಿಲ್ಲ.

ದಾನೇಶ್ವರಿ ಬೂಟು ಕಟ್ಟಲು ಹೋದಾಗ ವಸ್ತಾದರು ನನ್ನ ಹತ್ತಿರ ಬಂದರು. ಅತ್ತಿತ್ತ ನೋಡಿ, ಜೇಬಿನಿಂದ ಒಂದು ಶೀಸೆ ತೆಗೆದರು. ನನಗೆ ವಾಸನೆಯಿಂದಲೇ ಗೊತ್ತಾಯಿತು.

"ಪಾಪ, ಇಷ್ಟ ದಿನ ಯಾರೂ ನಿನಗ ಎಣ್ಣಿ ಕಾಣಿಸಿಲ್ಲ," ಎಂದು ಪ್ರೀತಿಯಿಂದ ತಲೆಯಿಂದ ಬುಡದವರೆಗೂ ಔಡಲೆಣ್ಣೆ ಸವರಿದರು. ಹಿಡಿಯುವ ಕಡೆ ಸುತ್ತಿದ್ದ ಪಟ್ಟಿಗೂ ಚೆನ್ನಾಗಿ ಕುಡಿಸಿದರು. ಮೇಲೊಂದು ಕುಂಕುಮದ ಬೊಟ್ಟು ಬೇರೆ. ನನಗೆ ಬಾಯಿ ಇದ್ದಿದ್ದರೆ ಕ್ರೀಡಾಂಗಣವೇ ಅದುರುವಂತೆ ಕಿರುಚುತ್ತಿದ್ದೆ. ಕಂಬ ಜಾರಬೇಕು, ಕೋಲು ಜಾರಬಾರದು! ಮನುಷ್ಯರ ಸಿಟ್ಟನ್ನಾದರೂ ತಡೆದುಕೊಳ್ಳಬಹುದು, ಅವರ ಪ್ರೀತಿಯನ್ನು ತಡೆದುಕೊಳ್ಳುವುದು ಕಷ್ಟ.

ಶಕ್ತಿ ಉಳಿಸುತ್ತೇನೆಂಬ ಸೊಕ್ಕಿನಲ್ಲಿ ದಾನೇಶ್ವರಿ ಕೆಳಗಿನ ಎತ್ತರಗಳನ್ನೆಲ್ಲ ಬಿಟ್ಟು ನೇರ ಮೂರೂವರೆಗೇ ಇಳಿದಳು. ಸಿಗುವುದು ಮೂರು ಅವಕಾಶ. ಅಂಗೈಗೆ ಬಿಳಿ ಪುಡಿ ಬಳಿದುಕೊಂಡು ನನ್ನನ್ನು ಎತ್ತಿದಳು. ಜಾರುವುದು ಬೆವರು ಎಂದುಕೊಂಡಳೋ ಏನೋ, ಓಡಿಯೇ ಬಿಟ್ಟಳು. ಊರಿದ ಕ್ಷಣ ಎರಡೂ ಕೈ ಸರ್ರನೆ ಕೆಳಗೆ ಜಾರಿದವು. ಕೋಲು ಊರುವ ಗುಂಡಿಯ ಪಕ್ಕ ಬಿದ್ದು ಮೊಣಕೈ ತರಚಿಕೊಂಡಳು.

"ಹಾಳಾದ್ದು! ಬೇಕಂತನ ಮಾಡತೈತಿ!" ಎಂದು ನನ್ನನ್ನು ಒದ್ದಳು.

ಎರಡನೆಯ ಸಲ ಇನ್ನಷ್ಟು ಪುಡಿ ಬಳಿದು ಓಡಿದಳು. ಮೇಲೇನೋ ಹೋದಳು. ಆದರೆ ಮತ್ತೆ ಕೈ ಜಾರಿ, ಎದೆಯಿಂದ ಅಡ್ಡಪಟ್ಟಿಯನ್ನು ಉರುಳಿಸಿಕೊಂಡು ಬಿದ್ದಳು. ಹಾಸಿಗೆಯ ಮೇಲೆ ಕೂತೇ ಅಂಗೈಯನ್ನು ಮೂಸಿದಳು. ಔಡಲೆಣ್ಣೆಯ ವಾಸನೆ. ಬೇಲಿಯಾಚೆ ಕೈಮುಗಿದು ನಿಂತಿದ್ದ ವಸ್ತಾದರ ಕಡೆ ನೋಡಿದಳು.

ಅಂಗಡಿ ಸರ್ ಓಡಿಬಂದು ನನ್ನನ್ನು ಮುಟ್ಟಿ ನೋಡಿ ಕೆಂಡಾಮಂಡಲವಾದರು.

"ಎಣ್ಣಿ! ಯಾವ ಕತ್ತೆ ಹಚ್ಚೇತಿ ಇದಕ್ಕ? ಹೇಳು, ಯಾರವರು?"

"ನಾನ ಹಚ್ಚೀನ್ರೀ ಸರ್," ಎಂದಳು. "ಮಲ್ಲಗಂಬದ ರೂಢಿರೀ."

"ನಿನ್ನ ತಲಿಯಾಗ ಏನ್ ಸಗಣಿ ತುಂಬೇತೇನ? ಹೋಗು, ಹಾರು, ಸಾಯಿ. ಬಿದ್ದಿ ಅಂದ್ರ ನನಗ ಮಾರಿ ತೋರಸಬ್ಯಾಡ."

ಅವಳು ನನ್ನನ್ನು ಓಟದ ದಾರಿಯ ಅಂಚಿಗೆ ಎಳೆದುಕೊಂಡು ಹೋಗಿ, ಎಣ್ಣೆ ಕುಡಿದ ಪಟ್ಟಿಯನ್ನು ಕಿತ್ತೆಸೆದಳು. ನೆಲದ ಮಣ್ಣನ್ನು ಹಿಡಿಹಿಡಿಯಾಗಿ ತೆಗೆದು, ಮಸಿ ಹಿಡಿದ ಬೋಗುಣಿಯನ್ನು ತಿಕ್ಕುವಂತೆ ತಿಕ್ಕಿದಳು. ಮಣ್ಣಿನಲ್ಲಿ ಗರಸು ಇತ್ತು. ನನ್ನ ಮೈತುಂಬ ಗೀರು ಬಿದ್ದವು. ಆ ಎಚ್ಚರಿಕೆ ಅವಳಿಗೂ ಗೊತ್ತಿತ್ತು. ಅಂಗಡಿ ಸರ್ ಅದನ್ನು ನೂರು ಸಲ ಹೇಳಿದ್ದರು. ಗೊತ್ತಿದ್ದೂ ತಿಕ್ಕಿದಳು. ಒಂದು ಜಿಗಿತಕ್ಕಾಗಿ ನನ್ನ ಆಯುಷ್ಯವನ್ನೇ ತಿಕ್ಕಿ ತೆಗೆದಳು. ಅಷ್ಟೇ ಅಲ್ಲ, ಮುರಿಯಬಹುದಾದ ಕೋಲಿನ ಮೇಲೆ ತನ್ನ ಕುತ್ತಿಗೆಯನ್ನೂ ಇಟ್ಟಳು.

ಮೂರನೆಯ ಸಲ ಓಡಿದಳು. ಅಂಥ ಓಟವನ್ನು ನಾನು ಕಂಡಿರಲಿಲ್ಲ. ಊರಿದಳು. ಬಾಗಿದೆ. ಪ್ರತಿ ಗೀರೂ ಬಾಯಿಬಿಟ್ಟಂತೆ ನೋಯಿತು, ಆದರೂ ಬಾಗಿದೆ. ತಿರುಗಿ ನೆಟ್ಟಗಾಗುವಾಗ ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಅವಳನ್ನು ಆಕಾಶಕ್ಕೆ ಒಗೆದೆ. ಹೊಟ್ಟೆ ಅಡ್ಡಪಟ್ಟಿಗೆ ತಾಗಿಯೂ ತಾಗದಂತೆ ಆಚೆ ಹೋದಳು.

ಆದರೆ ಒಂದು ತಪ್ಪಾಗಿತ್ತು. ಹಾರುವವರು ಕೈಬಿಡುವಾಗ ಕೋಲನ್ನು ಹಿಂದಕ್ಕೆ ತಳ್ಳಬೇಕು. ಕೋಲು ಮುಂದೆ ವಾಲಿ ಅಡ್ಡಪಟ್ಟಿಯನ್ನು ಬೀಳಿಸಿದರೂ ಜಿಗಿತ ತಪ್ಪೇ. ಅವಳು ಅವಸರದಲ್ಲಿ ತಳ್ಳುವುದನ್ನೇ ಮರೆತಳು. ನಾನು ಒಂಟಿಯಾಗಿ ನೆಟ್ಟಗೆ ನಿಂತೆ.

ಮುಂದೆ ಬೀಳಬಹುದಿತ್ತು. ಬೈಗುಳ, ಒದೆ, ಮಣ್ಣು, ಎಲ್ಲಕ್ಕೂ ಒಂದೇ ಏಟಿಗೆ ಸೇಡು ತೀರುತ್ತಿತ್ತು. ಮೈಯೆಲ್ಲ ಅದಕ್ಕಾಗಿ ಹಪಹಪಿಸಿತು. ಕೆಳಗೆ ಬಿದ್ದಿದ್ದ ಅವಳು ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಬೇಡಿಕೆ ಇರಲಿಲ್ಲ. ಬೀಳು ನೋಡೋಣ ಎಂಬ ಬೆದರಿಕೆಯೇ ಇತ್ತು. ಬೇಡಿಕೊಂಡಿದ್ದರೆ ಖಂಡಿತ ಬೀಳುತ್ತಿದ್ದೆ. ಅಲ್ಲದೆ, ಆ ಜಿಗಿತ ಅವಳೊಬ್ಬಳದೇ ಆಗಿರಲಿಲ್ಲ. ಹಿಂದಕ್ಕೆ ವಾಲಿ, ನೆಲಕ್ಕೆ ಧಡ್ಡನೆ ಬಿದ್ದೆ.

ಜಿಗಿತ ಸರಿ ಎಂದು ಬಿಳಿ ಬಾವುಟ ಎದ್ದಿತು. ವಸ್ತಾದರು ಬೇಲಿ ಹಾರಿ ಬಂದು ಅಂಗಡಿ ಸರ್ ಅವರನ್ನು ತಬ್ಬಿಕೊಂಡರು.

"ನೋಡಿದಿರೇನ್ರೀ ಮಾಸ್ತರ, ಔಡಲೆಣ್ಣಿ ಪ್ರತಾಪ! ನಾ ಸ್ವತಾ ಹಚ್ಚಿದ್ದೆ!"

ಸರ್ ಬಾಯಿ ತೆರೆದರು. ದಾನೇಶ್ವರಿ ಅವರ ಕಣ್ಣಲ್ಲಿ ಕಣ್ಣಿಟ್ಟು ತಲೆಯಲ್ಲಾಡಿಸಿದಳು. ಸರ್ ಬಾಯಿ ಮುಚ್ಚಿಕೊಂಡರು. ಅಂಗಡಿ ಸರ್ ಬೈಯದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವಳು ಶಿಬಿರಕ್ಕೆ ಹೋದಳು. ಅಲ್ಲಿ ಚೀಲ ತುಂಬ ಹೊಸ ಕೋಲು ಸಿಕ್ಕವಂತೆ. ಗೀರು ಬಿದ್ದ ನನ್ನನ್ನು ಗುಜರಿಗೆ ಹಾಕಹೊರಟಾಗ ವಸ್ತಾದರು ಕೇಳಿ ಪಡೆದು ಗರಡಿಗೆ ಒಯ್ದರು. ಈಗ ಇಲ್ಲಿ ಗೋಡೆಯ ಎರಡು ಗೂಟಗಳ ಮೇಲೆ ಮಲಗಿದ್ದೇನೆ. ಹಸಿ ಲಂಗೋಟಿಗಳನ್ನು ನನ್ನ ಮೇಲೆ ಒಣಹಾಕುತ್ತಾರೆ. ಮುದಿತನದಲ್ಲಿ ಇದೂ ಬರೆದಿತ್ತು.

ಹೋದ ತಿಂಗಳು ದಾನೇಶ್ವರಿ ಬಂದಿದ್ದಳು. ರಾಷ್ಟ್ರೀಯ ಕೂಟದಲ್ಲಿ ಬೆಳ್ಳಿ ಗೆದ್ದಿದ್ದಾಳೆ, ಗರಡಿಯ ಹುಡುಗಿಯರೆಲ್ಲ ಅವಳ ಸುತ್ತ ಮುತ್ತಿದ್ದರು. ವಸ್ತಾದರು ನನ್ನ ಕಡೆ ಕೈತೋರಿಸಿದರು.

"ಇದು ಭಾಳ ಉದ್ದ ಆತವಾ, ಬಾಗಲಾಗ ಎಲ್ಲಾರ ತಲಿಗೆ ಬಡೀತೈತಿ. ಕೊಯ್ಸಿ ಎರಡ ಮಾಡಸಲೇನು? ಒಂದು ತುಂಡು, ಜೇಡರಬಲಿ ತಗಿಯಾಕ ಆಕ್ಕೈತಿ."

ಅವಳು ಹತ್ತಿರ ಬಂದಳು. ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಥ್ಯಾಂಕ್ಸ್ ಗೀಂಕ್ಸ್ ಏನಾದರೂ ಹೇಳಿಬಿಡುತ್ತಾಳೇನೋ ಎಂದು ನನಗೆ ಹೇಸಿಗೆಯಾಯಿತು.

"ಬ್ಯಾಡ್ರೀ ಅಜ್ಜಾರ, ಇರ್ಲಿ," ಎಂದಳು. "ಇದರ ಮ್ಯಾಲಿನ ಸಿಟ್ಟು ನನಗ ಇನ್ನಾ ಇಳಿದಿಲ್ಲ."

ನನ್ನದೂ ಇಳಿದಿಲ್ಲ.