ಸಡಿಲ ಪಟ್ಟಿ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಮಗುವಿನ ತೋಳಿನಿಂದ ಹಿಡಿದರೆ ನೀವು ಮೊದಲ ಪ್ಯಾರಾದಲ್ಲೇ ಮರುಗಿಬಿಡುತ್ತೀರಿ, ಆಮೇಲೆ ನನಗೆ ಕೆಲಸವೇ ಇರುವುದಿಲ್ಲ. ಸ್ಕಾಲರ್‌ಶಿಪ್ಪಿನಿಂದ ಹಿಡಿದರೆ ಆಕಳಿಸುತ್ತೀರಿ. ಆಕಳಿಸಿ, ಪರವಾಗಿಲ್ಲ. ಅಲ್ಲಿಂದಲೇ ಹಿಡಿಯುತ್ತೇನೆ.

೨

ಆಹಾರ ಭದ್ರತೆ ಮತ್ತು ಪೌಷ್ಟಿಕತೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಒಂದು ಪ್ರತಿಷ್ಠಾನ ಸ್ಕಾಲರ್‌ಶಿಪ್ ಕೊಡುತ್ತದೆ. ಈ ಸಲ ಅದು ಸಿಕ್ಕಿದ್ದು, ಹಾಸ್ಟೆಲ್ಲಿನ ಉಗ್ರಾಣ ನೋಡಿಕೊಳ್ಳುತ್ತಲೇ ಎಂ.ಎಸ್ಸಿ. ಮುಗಿಸಿದ ಒಬ್ಬಳಿಗೆ. ಸುದ್ದಿ ಬಂದ ದಿನ ಅವಳ ತಮ್ಮ, "ಅಂತೂ ಊರವರ ಹಸಿವಿಂದ ನಮ್ಮನೆ ಒಲೆ ಉರಿಯೋ ಹಾಗಾಯ್ತು ಬಿಡಕ್ಕ," ಎಂದ. ಅವಳು ನಕ್ಕಳು. (ಮೊದಲ ಡ್ರಾಫ್ಟಿನಲ್ಲಿ ಕಣ್ಣು ತುಂಬಿಕೊಂಡಿದ್ದಳು. ಓದಿಕೊಂಡಾಗ ನನಗೇ ನಾಚಿಕೆಯಾಯಿತು. ಹರಿದು ಹಾಕಿದೆ.) ಹಾಸ್ಟೆಲ್ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಉಗ್ರಾಣದ ಕೀಲಿಕೈ ಮರುದಿನವೇ ಬೇರೆಯವರ ಸೊಂಟ ಸೇರಿತು.

ಕೆಲಸ ಇಷ್ಟು: ಎರಡು ಓಣಿಗಳು. ಒಂದು ಓಣಿಯ ಮಕ್ಕಳಿಗೆ ಪೌಷ್ಟಿಕ ಪುಡಿಯ ಪೊಟ್ಟಣ. ಇನ್ನೊಂದು ಓಣಿಯ ಮಕ್ಕಳಿಗೆ ಏನೂ ಇಲ್ಲ. ತಿಂಗಳಿಗೊಮ್ಮೆ ಬಂದು ಅಳೆದುಕೊಂಡು ಹೋಗುವುದು. ಏನೂ ಕೊಡದ ಓಣಿಗೆ 'ಹೋಲಿಕೆಯ ಗುಂಪು' ಎಂದು ಹೆಸರು. ಅದಿಲ್ಲದಿದ್ದರೆ ಪೊಟ್ಟಣದಿಂದ ಉಪಯೋಗವಾಯಿತೋ ಇಲ್ಲವೋ ಹೇಳಲು ಬರುವುದಿಲ್ಲವಂತೆ.

ಅಳೆಯುವುದಕ್ಕೆ ಒಂದು ಬಣ್ಣದ ಪಟ್ಟಿಯಿದೆ. ಮಗುವಿನ ಎಡತೋಳಿಗೆ ಸುತ್ತಬೇಕು. ಹಸಿರಿಗೆ ಬಂದರೆ ಚಿಂತೆಯಿಲ್ಲ, ಹಳದಿಗೆ ಬಂದರೆ ಎಚ್ಚರ, ಕೆಂಪಿಗೆ ಬಂದರೆ ಆಸ್ಪತ್ರೆ. ಕೆಂಪಿನ ಮಗುವನ್ನು ಅವತ್ತೇ ಆಸ್ಪತ್ರೆಗೆ ಕಳಿಸಿ ಅಧ್ಯಯನದಿಂದ ಕೈಬಿಡಬೇಕೆಂದು ನಿಯಮ. ಒಳ್ಳೆಯ ನಿಯಮ. ಹೋಲಿಕೆಯ ಗುಂಪಿನಿಂದ ತೀರಾ ಹೆಚ್ಚು ಮಕ್ಕಳು ಬಿಟ್ಟುಹೋದರೆ ಎರಡನೇ ವರ್ಷದ ಸ್ಕಾಲರ್‌ಶಿಪ್ ಇಲ್ಲವೆಂದು ಇನ್ನೊಂದು ನಿಯಮ. ಒಂಟಿಯಾಗಿ ನೋಡಿದರೆ ಅದೂ ಒಳ್ಳೆಯದೇ.

ಪಟ್ಟಿ ಹಿಡಿದು ತಿರುಗುವವಳಿಗೆ ಓಣಿಯ ಮಕ್ಕಳು 'ಟೇಪಕ್ಕ' ಎಂದು ಹೆಸರಿಟ್ಟರು. ಹೆಸರಿಡುವ ಕೆಲಸದಲ್ಲಿ ಅವರು ನನಗಿಂತ ವಾಸಿ.

೩

ಹೋಲಿಕೆಯ ಓಣಿಯ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಬ್ಬಳು ಇಸ್ತ್ರಿ ಹಾಕುತ್ತಾಳೆ. ಪಕ್ಕದಲ್ಲಿ, ಯಾರದೋ ಬೆಡ್‌ಶೀಟುಗಳ ಗಂಟಿನ ಮೇಲೆ, ಅವಳ ಮಗಳು. ಮೆಣಸಿನಕಾಳಿನಷ್ಟೇ ಇದ್ದಾಳೆಂದು ಎಲ್ಲರೂ 'ಕಾಳು' ಎನ್ನುತ್ತಾರೆ. ಎರಡು ವರ್ಷ ತುಂಬುತ್ತ ಬಂದರೂ ನಿಲ್ಲಲು ಗೋಡೆ ಬೇಕು.

ಅವತ್ತು ಬೆಳಿಗ್ಗೆ ಟೇಪಕ್ಕನ ಸಂಶೋಧನೆಯ ಗೈಡ್ ಫೋನ್ ಮಾಡಿದ್ದರು. "ಇನ್ನೊಂದೇ ಒಂದು ಮಗು ಬಿಟ್ಟುಹೋದ್ರೂ ನಾನೇನೂ ಮಾಡೋಕಾಗಲ್ಲಮ್ಮ. ಸ್ವಲ್ಪ ನೋಡ್ಕೊಂಡು ಅಳೆ." ನೋಡಿಕೊಂಡು ಅಳೆ ಎಂದರೆ ಏನೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ದೊಡ್ಡವರ ಮಾತೇ ಹಾಗೆ. ಕೋಲೂ ಮುರಿಯುವುದಿಲ್ಲ, ಹಾವೂ ಉಳಿಯುವುದಿಲ್ಲ.

ಪಟ್ಟಿಯನ್ನು ಚರ್ಮಕ್ಕೆ ತಾಗುವಷ್ಟೇ ಎಳೆಯಬೇಕು. ಮಾಂಸ ಒತ್ತಬಾರದು, ಸಂದು ಉಳಿಯಬಾರದು. ಟೇಪಕ್ಕ ತಾಗಿಸಿದಳು. ಕೆಂಪು. ಕಾಳು ಅಳಲಿಲ್ಲ; ಅಳುವುದಕ್ಕೂ ಕಸುವು ಬೇಕು. ಟೇಪಕ್ಕ ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟಳು. ಹಳದಿ.

"ಹಳದಿ ಅಂದ್ರೆ?" ಇಸ್ತ್ರಿಯವಳು ಬಗ್ಗಿ ನೋಡಿದಳು.

"ಪರವಾಗಿಲ್ಲ. ಚೆನ್ನಾಗಿ ತಿನ್ನಿಸಿ. ಮುಂದಿನ ತಿಂಗಳು ನೋಡೋಣ."

"ಅಬ್ಬಾ! ನಿನ್ನೆಯಿಂದ ಎದೆ ಡವಡವ ಅಂತಿತ್ತು ಅಕ್ಕ. ಕೂತ್ಕೊಳ್ಳಿ, ನಿಮ್ಮ ಬಿಳಿ ಕೋಟು ಮುದುರಿ ಮುದ್ದೆಯಾಗಿದೆ. ಈ ಕಡೆ ಕೊಡಿ. ದುಡ್ಡು ಗಿಡ್ಡು ಅಂದ್ರೆ ನೋಡಿ ಮತ್ತೆ!"

ಟೇಪಕ್ಕ ಬಿಸಿ ಕೋಟು ತೊಟ್ಟುಕೊಂಡು ಮುಂದಿನ ಮನೆಗೆ ಹೋದಳು.

೪

ಇಲ್ಲಿ ಅವಳು ನನ್ನ ಮೇಲೆ ತಿರುಗಿಬಿದ್ದಳು.

"ಸಡಿಲ ಬಿಟ್ಟೆ ಅಂತ ಯಾಕೆ ಬರೆದ್ರಿ? ಮಗು ಕೈ ಅಲ್ಲಾಡಿಸ್ತು."

"ಅಲ್ಲಾಡಿಸಲಿಲ್ಲ. ನನಗೆ ಗೊತ್ತು, ಬರೆದವಳು ನಾನು."

"ಓಹೋ. ಹಾಗಾದ್ರೆ ಸಡಿಲ ಬಿಟ್ಟವರೂ ನೀವೇ. ಕೆಂಪಿಗೇ ನಿಲ್ಲಿಸಿದ್ರೆ ಮಗು ಅವತ್ತೇ ಆಸ್ಪತ್ರೆ ಸೇರ್ತಿತ್ತು, ನಿಮ್ಮ ಕಥೆ ಮೂರನೇ ನಂಬರಿಗೇ ಗಂಟುಮೂಟೆ ಕಟ್ತಿತ್ತು. ನನಗೆ ಎರಡನೇ ವರ್ಷ ಬೇಕಿತ್ತು, ನಿಮಗೆ ನಾಲ್ಕನೇ ನಂಬರ್ ಬೇಕಿತ್ತು. ಮಗು ಮಾತ್ರ ಒಂದೇ."

(ಉತ್ತರವಾಗಿ ಇಲ್ಲಿ ಅರ್ಧ ಪುಟ ಬರೆದಿದ್ದೆ. ತುಂಬ ಜಾಣತನದ್ದು. ತೆಗೆದಿದ್ದೇನೆ.)

೫

ಸರಿ, ಮುಕ್ತಾಯಗಳನ್ನು ನೋಡೋಣ.

ಅ) ಎರಡನೇ ವರ್ಷ ಸಿಗುತ್ತದೆ, ಪ್ರಬಂಧ ಮುಗಿಯುತ್ತದೆ, ಪೊಟ್ಟಣ ನೂರಾರು ಓಣಿಗಳಿಗೆ ಹೋಗುತ್ತದೆ. ಎಷ್ಟೋ ಮಕ್ಕಳು ಬದುಕುತ್ತಾರೆ. ಕಾಳು ಅವರಲ್ಲಿಲ್ಲ. ಗೈಡ್‌ಗೆ ಒಪ್ಪಿಗೆಯಾಗುವ ಮುಕ್ತಾಯ. ಇದರ ಲೆಕ್ಕ ತಪ್ಪಿಲ್ಲ, ನನಗೆ ಹೆದರಿಕೆಯಾಗುವುದೂ ಅದಕ್ಕೇ.

ಆ) ಕಾಳು ತಾನಾಗಿಯೇ ದುಂಡಗಾಗುತ್ತಾಳೆ. ಮಕ್ಕಳನ್ನು ಹೆತ್ತವಳ ಕೈ ಇದು. ಈ ಮುಕ್ತಾಯವನ್ನು ಮತ್ತೆ ಮತ್ತೆ ಬರೆಯಿತು. ಏನು ತಿಂದು ದುಂಡಗಾದಳು ಎನ್ನುವಲ್ಲಿಗೆ ಬಂದಾಗಲೆಲ್ಲ ನಿಂತಿತು.

ಇ) ಟೇಪಕ್ಕ ಓಣಿಗೆ ವಾಪಸು ಹೋಗುತ್ತಾಳೆ.

ಇದು ನನ್ನ ಯೋಚನೆಯಲ್ಲ. ನಾನು 'ಆ'ಗೆ ಗೀಟು ಎಳೆಯುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು.

೭

(ಆರನ್ನು ಬಿಟ್ಟಿದ್ದೇನೆ. ಅದರಲ್ಲಿ ಅವಳ ಪಶ್ಚಾತ್ತಾಪದ ವರ್ಣನೆಯಿತ್ತು. ಅದರಿಂದ ಕಾಳುವಿನ ಹೊಟ್ಟೆ ತುಂಬುತ್ತಿರಲಿಲ್ಲ.)

"ಇನ್ನೂ ತಿಂಗಳು ತುಂಬಿಲ್ವಲ್ಲ ಅಕ್ಕ?" ಇಸ್ತ್ರಿಯವಳು ಬೆವರು ಒರೆಸಿಕೊಂಡಳು.

"ಇನ್ನೊಂದ್ಸಲ ಅಳೀಬೇಕಿತ್ತು."

"ಅಳೀರಿ, ಅದಕ್ಕೇನು. ಹಳದಿ ಅಂತ ಓಣಿಗೆಲ್ಲ ಸಾರಿಬಿಟ್ಟಿದೀನಿ. ನಮ್ಮತ್ತೆ ಇದಾರಲ್ಲ, ಆಸ್ಪತ್ರೆಗೆ ತೋರ್ಸು, ಆಸ್ಪತ್ರೆಗೆ ತೋರ್ಸು ಅಂತ ಜೀವ ತಿಂತಿದ್ರು. ಓದಿದೋರು ಅಳೆದು ಹೇಳಿದಾರೆ, ನೀವು ಸುಮ್ನಿರಿ ಅಂದೆ. ಅವತ್ತಿಂದ ಬಾಯಿಗೆ ಬೀಗ!"

ಟೇಪಕ್ಕ ಪಟ್ಟಿ ಸುತ್ತಿದಳು. ಚರ್ಮಕ್ಕೆ ತಾಗುವಷ್ಟೇ ಎಳೆದಳು. ಕೆಂಪು. ಈ ಸಲ ಕೂದಲೆಳೆ ಬಿಟ್ಟರೂ ಕೆಂಪೇ.

"ಆಸ್ಪತ್ರೆಗೆ ಹೋಗ್ಬೇಕು. ಇವತ್ತೇ. ಈಗ್ಲೇ. ನಾನೂ ಬರ್ತೀನಿ, ಏಳಿ."

ಇಸ್ತ್ರಿಯವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಮೊನ್ನೆ ಹಳದಿ ಇತ್ತಲ್ಲ ಅಕ್ಕ? ಇಷ್ಟರೊಳಗೇ ಕೆಂಪಾಗೋ ಹಾಗೆ ನಾನೇನು ತಪ್ಪು ಮಾಡ್ದೆ?"

ಟೇಪಕ್ಕ ಬಾಯಿ ತೆರೆದಳು. ನನ್ನ ಕಡೆ ತಿರುಗಿದಳು.

'ನಿಮ್ಮ ತಪ್ಪಲ್ಲ' ಎಂದು ಬರೆದೆ. ಮತ್ತೆ ಯಾರದು ಎಂದು ಕೇಳುತ್ತಾಳೆ. 'ನನ್ನ ತಪ್ಪು' ಎಂದು ಬರೆದೆ. ಅಷ್ಟು ಹೇಳಿದ ಮೇಲೆ ಇವಳ ಮಾತು ನಂಬಿ ಆ ತಾಯಿ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆಂದು ಯಾವ ಭರವಸೆ? 'ಮೊದಲು ನಡೀರಿ, ಆಮೇಲೆ ಮಾತಾಡೋಣ' ಎಂದು ಬರೆದೆ. ಇದೇ ವಿವೇಕವಿರಬಹುದು, ಶುದ್ಧ ಹೇಡಿತನವೂ ಇರಬಹುದು. ನಿಮಗೇನಾದರೂ ತೋಚಿದರೆ ಅವಳಿಗೆ ಹೇಳಿಕೊಡಿ. ಬೇಗ.

ಅಷ್ಟರಲ್ಲಿ ಇಸ್ತ್ರಿಯವಳೇ ಶುರುಮಾಡಿದ್ದಾಳೆ. ಪ್ರತಿ ಸಲ ಅಳೆದ ಮೇಲೆ, ನಿನ್ನೆ ಮಗು ಏನೇನು ತಿಂತು ಎಂದು ವಿಚಾರಿಸುವುದು ಅಧ್ಯಯನದ ಕ್ರಮ. ಇವತ್ತು ಯಾರೂ ವಿಚಾರಿಸಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಕಾಲಲ್ಲಿ ಚಪ್ಪಲಿ ತಡಕುತ್ತ, ಎಲ್ಲಿ ತಪ್ಪಿದೆನೆಂದು ತಡಕುತ್ತ, ತಾನಾಗಿಯೇ ಒಪ್ಪಿಸುತ್ತಿದ್ದಾಳೆ:

"ಬೆಳಿಗ್ಗೆ ಗಂಜಿ ಅಕ್ಕ, ನಾಲ್ಕು ಚಮಚ, ಉಗುಳಲಿಲ್ಲ. ಆಮೇಲೆ ಬ್ರೆಡ್ಡಿನ ಅಂಚು ಹಾಲಲ್ಲಿ ಅದ್ದಿ ಕೊಟ್ಟೆ. ಹಾಲು ಅಂದ್ರೆ ನೀರು ಬೆರೆಸಿದ್ದು, ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ. ಮಧ್ಯಾಹ್ನ..."

'ಮುಗಿಯಿತು' ಎಂದು ಬರೆದು ನಾನು ಎದ್ದುಬಿಡಬಹುದು. ಹೇಗೆ ಬರೆಯಲಿ? ಅವಳಿನ್ನೂ ಮಧ್ಯಾಹ್ನಕ್ಕಷ್ಟೇ ಬಂದಿದ್ದಾಳೆ.